ಒಡೆಯನೂ ಒಕ್ಕಲೂ ಕಚೇರಿಯ ಬಾಗಿಲೂ

ಸಿವಿಲ್ ಕೋರ್ಟಿನಲ್ಲಿ ಮೂವತ್ತೆಂಟು ವರ್ಷ ಗುಮಾಸ್ತಿಕೆ ಮಾಡಿ, ಕಡೆಯ ಕೆಲವು ವರ್ಷ ಶಿರಸ್ತೇದಾರನೆನ್ನಿಸಿಕೊಂಡು, 2016ರಲ್ಲಿ ನಿವೃತ್ತನಾದವನು ನಾನು. ವಕೀಲಿ ಪರೀಕ್ಷೆಗೆ ಕುಳಿತವನಲ್ಲ. ನ್ಯಾಯಪೀಠವನ್ನು ಕೆಳಗಿನಿಂದ ಮಾತ್ರ ನೋಡಿದವನು. ಆದರೂ ಸಾಯಂಕಾಲದ ವೇಳೆ ನಮ್ಮ ಮನೆಯ ಜಗಲಿಗೆ ಯಾರಾದರೊಬ್ಬರು ಕಾಗದದ ಕಟ್ಟೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬರುವುದು ಇಂದಿಗೂ ತಪ್ಪಿಲ್ಲ. ವಕೀಲರ ಬಳಿಗೆ ಹೋಗುವುದಕ್ಕೆ ಮುಂಚೆ, ಹಣ ಕೊಡಬೇಕಾಗಿಲ್ಲದ ಒಬ್ಬನನ್ನು ಕೇಳಿ ನೋಡೋಣವೆಂಬ ವಿವೇಕವು ನಮ್ಮ ಜನರಲ್ಲಿ ಸಾಕಷ್ಟಿದೆ. ಅವರು ಕೇಳುವುದು ತಮ್ಮ ಪಕ್ಷ ನ್ಯಾಯವೋ ಅಲ್ಲವೋ ಎಂದಲ್ಲ. ಆ ವಿಷಯದಲ್ಲಿ ಯಾರಿಗೂ ಸಂಶಯವಿರುವುದಿಲ್ಲ. ಯಾವ ಕೋರ್ಟಿಗೆ ಹೋಗಬೇಕೆಂಬುದೇ ಅವರ ಪ್ರಶ್ನೆ.

ಹೊರಗಿನವರಿಗೆ ಈ ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ದಾವಾಪತ್ರವನ್ನು ಮೊತ್ತಮೊದಲು ಕೈಯಲ್ಲಿ ಹಿಡಿದು ನೋಡುವವನು ನ್ಯಾಯಾಧೀಶನಲ್ಲ, ಮೇಜಿನ ಗುಮಾಸ್ತ. ಸೊತ್ತು ಯಾವ ಗ್ರಾಮದಲ್ಲಿದೆ, ಆ ಗ್ರಾಮವು ನಮ್ಮ ಕೋರ್ಟಿನ ಎಲ್ಲೆಯೊಳಗಿದೆಯೆ, ದಾವೆಯ ಬೆಲೆ ಎಷ್ಟು, ಶುಲ್ಕ ಸರಿಯಾಗಿ ಸಂದಿದೆಯೆ, ವಾಯಿದೆ ಮೀರಿದೆಯೆ ಎಂಬಿಷ್ಟನ್ನು ನೋಡಿ ಅವನು ಟಿಪ್ಪಣಿ ಬರೆಯತಕ್ಕದ್ದು. ಬಾಗಿಲು ತಪ್ಪಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೆಯ ಆದೇಶದ 10ನೆಯ ನಿಯಮದಂತೆ ದಾವಾಪತ್ರವು ಹಿಂದಿರುಗುತ್ತದೆ. ಅದು ಸೋಲಲ್ಲವೆಂದು ವಕೀಲರು ಸಮಾಧಾನ ಹೇಳುವುದುಂಟು. ಸದ್ಭಾವನೆಯಿಂದ ತಪ್ಪು ಕೋರ್ಟಿನಲ್ಲಿ ಕಳೆದ ಕಾಲವನ್ನು 1963ರ ಕಾಲಮಿತಿ ಕಾಯಿದೆಯ 14ನೆಯ ಕಲಮು ಲೆಕ್ಕದಿಂದ ಬಿಟ್ಟುಕೊಡುವುದೂ ಉಂಟು. ಹನ್ನೊಂದು ವರ್ಷ ನಡೆದ ದಾವೆಯೊಂದು ನನ್ನ ಕೈಯಿಂದಲೇ ಹೀಗೆ ಹಿಂದಿರುಗಿತು. ಅದನ್ನು ತೆಗೆದುಕೊಂಡು ಹೋಗಲು ವಾದಿಯ ಮಗ ಬಂದಿದ್ದನು. ವಾದಿ ತೀರಿಕೊಂಡು ಎರಡು ವರ್ಷವಾಗಿತ್ತು.

ಕಳೆದ ತಿಂಗಳು ಒಬ್ಬ ತರುಣರು ಬಂದರು. ಅವರು ಯಾರೆಂಬುದನ್ನು ಮುಂದೆ ಹೇಳುತ್ತೇನೆ. ಹೆದ್ದಾರಿಯ ಪಕ್ಕದಲ್ಲಿ ಅವರದೊಂದು ಕಟ್ಟಡವಿದೆ. ಅದರ ಒಂದು ಕೋಣೆಯಲ್ಲಿ ಒಬ್ಬರು ಎಂಟು ವರ್ಷದಿಂದ ಜಿನಸಿನ ಅಂಗಡಿಯಿಟ್ಟಿದ್ದಾರೆ. ಬಾಡಿಗೆ ತಿಂಗಳಿಗೆ 6000 ರೂಪಾಯಿ. ಕರಾರುಪತ್ರವಿಲ್ಲ, ಮಾತಿನ ಮೇಲೆ ಕೊಟ್ಟದ್ದು. ಈಗ ತಮ್ಮನಿಗೆ ಒಂದು ಉದ್ಯೋಗ ಹಾಕಿಕೊಡಬೇಕಾಗಿದೆ, ಅಂಗಡಿಯವರು ಏಳುವುದಿಲ್ಲ. “ರಾಯರೇ, ಇದಕ್ಕೆ ಯಾವ ಕೋರ್ಟು?” ಎಂದು ಕೇಳಿದರು.

“ಮೊದಲು ಅಳತೆಯ ಟೇಪು ಹಿಡಿದು ಅಂಗಡಿಯ ಉದ್ದಗಲ ನೋಡಿಕೊಂಡು ಬನ್ನಿ” ಎಂದೆನು. ಅವರು ನಕ್ಕರು. ಆದರೆ ನಾನು ವಿನೋದಕ್ಕೆ ಹೇಳಿದ ಮಾತಲ್ಲ. ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆಯು ನಲವತ್ತು ವರ್ಷ ನಡೆಯಿತು. ಅದರ 21ನೆಯ ಕಲಮಿನಲ್ಲಿ ಎಣಿಸಿದ ಕಾರಣಗಳಲ್ಲಿ ಒಂದಾದರೂ ಸಿದ್ಧವಾಗದೆ ಬಾಡಿಗೆದಾರನನ್ನು ಎಬ್ಬಿಸುವಂತಿರಲಿಲ್ಲ. ಆ ಅರ್ಜಿಗಳು ಬೆಂಗಳೂರಿನಲ್ಲಿ ಲಘುವ್ಯವಹಾರಗಳ ನ್ಯಾಯಾಲಯಕ್ಕೂ, ನಮ್ಮಂಥ ಊರುಗಳಲ್ಲಿ ಮುನ್ಸೀಫ್ ಕೋರ್ಟಿಗೂ ಬರುತ್ತಿದ್ದುವು. ‘ಎಚ್. ಆರ್. ಸಿ.’ ಎಂದು ಮೂರಕ್ಷರ ಬರೆದ ಕಡತಗಳು ನನ್ನ ಅಲಮಾರಿನಲ್ಲಿ ಒಂದು ಸಾಲನ್ನು ಪೂರಾ ತುಂಬಿದ್ದುವು. ಮೂವತ್ತು ರೂಪಾಯಿ ಬಾಡಿಗೆಯ ಮನೆಗಾಗಿ ಇಪ್ಪತ್ತು ವರ್ಷ ಹೊಡೆದಾಡಿದ ಮನೆತನಗಳನ್ನು ನಾನು ಬಲ್ಲೆ. ಎರಡು ಕಡೆಯವರೂ ಬಡವರೇ. ಆ ಕಾಯಿದೆಗೆ ಬದಲಾಗಿ 1999ರ ಬಾಡಿಗೆ ಕಾಯಿದೆಯು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ಹೊಸ ಕಾಯಿದೆಯ ಅಂಗಳ ಬಹಳ ಕಿರಿದು. ಊರು ಅದರ ಪಟ್ಟಿಯಲ್ಲಿರಬೇಕು. ಕಾಯಿದೆಯ ಲೆಕ್ಕದ ಬಾಡಿಗೆಯು ಪಟ್ಟಿಯ ಮೊದಲ ಭಾಗದ ನಗರಗಳಲ್ಲಿ ತಿಂಗಳಿಗೆ 3500 ರೂಪಾಯಿಯನ್ನೂ ಬೇರೆಡೆಯಲ್ಲಿ 2000 ರೂಪಾಯಿಯನ್ನೂ ಮೀರಕೂಡದು. ವ್ಯಾಪಾರದ ಸ್ಥಳವಾದರೆ ಅದರ ತಳವಿಸ್ತೀರ್ಣ 14 ಚದರ ಮೀಟರಿಗಿಂತ ಹೆಚ್ಚಿರಕೂಡದು. ಹತ್ತಡಿಗೆ ಹದಿನೈದಡಿಯ ಕೋಣೆ ಹದಿನಾಲ್ಕು ಮೀಟರಿನೊಳಗೆ ಹೇಗೋ ಅಡಗುತ್ತದೆ. ಹನ್ನೆರಡಡಿಗೆ ಹದಿನೈದಡಿಯಾದರೆ ಹೊರಗೆ ಹೋಗುತ್ತದೆ. ಗೋಡೆ ಎರಡಡಿ ಸರಿದರೆ ಕಾಯಿದೆ ಬೇರೆ, ಅದರೊಡನೆ ವ್ಯಾಜ್ಯದ ಕ್ರಮವೂ ಬೇರೆ.

ಹೊರಗೆ ಬಿದ್ದ ವ್ಯಾಜ್ಯಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಗತಿ. ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟೀಸು ಕೊಡತಕ್ಕದ್ದು. ಹಿಂದೆ ಆ ಹದಿನೈದು ದಿನಗಳು ಬಾಡಿಗೆಯ ತಿಂಗಳು ಮುಗಿಯುವ ದಿನಕ್ಕೆ ಸರಿಯಾಗಿ ಮುಗಿಯಬೇಕೆಂಬ ನಿರ್ಬಂಧವಿದ್ದು, ಒಂದು ದಿನದ ತಪ್ಪಿಗಾಗಿ ಗೆದ್ದ ದಾವೆಗಳು ಅಪೀಲಿನಲ್ಲಿ ಬಿದ್ದುಹೋಗುತ್ತಿದ್ದುವು. 2002ರ ಕೊನೆಯಲ್ಲಿ ಬಂದ ತಿದ್ದುಪಡಿಯು ಆ ಕಾಟವನ್ನು ಕಳೆಯಿತು. ನೋಟೀಸಿನ ತರುವಾಯ ಎಬ್ಬಿಸುವ ದಾವೆ. ಬಾಡಿಗೆಯ ಅವಧಿ ಮುಗಿದಿದೆಯೆ, ನೋಟೀಸು ಸರಿಯೆ ಎಂಬುದಿಷ್ಟೇ ವಿವಾದವಾಗಿದ್ದು, ದಾವೆಯ ಬೆಲೆಯೂ ಮಿತಿಯೊಳಗಿದ್ದರೆ, 1964ರ ಲಘುವ್ಯವಹಾರಗಳ ನ್ಯಾಯಾಲಯ ಕಾಯಿದೆಯಂತೆ ಅದು ಸಂಕ್ಷೇಪ ವಿಚಾರಣೆಗೆ ಸೇರುತ್ತದೆ. ಇಲ್ಲವಾದರೆ ಸಾಮಾನ್ಯ ಸಿವಿಲ್ ದಾವೆ. ಜಿಲ್ಲೆಗಳಲ್ಲಿ ಎರಡೂ ಟೋಪಿಗಳು ಬಹಳವಾಗಿ ಒಬ್ಬರೇ ನ್ಯಾಯಾಧೀಶರ ತಲೆಯ ಮೇಲಿರುತ್ತವೆ. ಇಲ್ಲಿ ಜನರಿಗೆ ಆಶ್ಚರ್ಯವಾಗುವ ಸಂಗತಿಯೊಂದುಂಟು. ಕಟ್ಟಡದ ಬೆಲೆ ಕೋಟಿ ರೂಪಾಯಿಯಾಗಿದ್ದರೂ, ಒಡೆಯನು ಬಾಡಿಗೆದಾರನ ಮೇಲೆ ಹೂಡುವ ದಾವೆಗೆ ಕೋರ್ಟು ಶುಲ್ಕವನ್ನು ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ ಮಾತ್ರ ಕಟ್ಟುವುದು. ಈ ತರುಣರದು 72,000 ರೂಪಾಯಿಯ ದಾವೆ. ತಾಲ್ಲೂಕಿನ ಮೊದಲ ಮೆಟ್ಟಿಲಿನ ಕೋರ್ಟಿಗೇ ಸಲ್ಲುವುದು.

ಬೇರೆ ಬಾಗಿಲುಗಳೂ ಇವೆ. ಅಂಗಡಿ ಪುರಸಭೆಯದೋ ಸರಕಾರದ್ದೋ ಆಗಿದ್ದರೆ 1974ರ ಸಾರ್ವಜನಿಕ ಕಟ್ಟಡಗಳ ಕಾಯಿದೆಯಂತೆ ಅಧಿಕಾರಿಯೇ ತೀರ್ಮಾನ ಮಾಡುವನು. ಕರಾರಿನಲ್ಲಿ ಪಂಚಾಯಿತಿಯ ಷರತ್ತಿದ್ದರೆ, ಸ್ವತ್ತು ವರ್ಗಾವಣೆ ಕಾಯಿದೆಗೆ ಸೇರಿದ ಜಗಳ ಪಂಚರ ಮುಂದೆ ಹೋಗಬಹುದು, ಬಾಡಿಗೆ ಕಾಯಿದೆಗೆ ಸೇರಿದ ಜಗಳ ಹೋಗಲಾಗದು ಎಂದು 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದ್ಯಾ ದ್ರೋಲಿಯಾ ಎಂಬವರ ಮೊಕದ್ದಮೆಯಲ್ಲಿ ಹೇಳಿತು. 2021ರಲ್ಲಿ ಕೇಂದ್ರ ಸರಕಾರವು ಬಾಡಿಗೆಗೆಂದೇ ಪ್ರತ್ಯೇಕ ಪ್ರಾಧಿಕಾರ, ಕೋರ್ಟು, ನ್ಯಾಯಮಂಡಳಿಗಳಿರುವ ಮಾದರಿ ಕಾಯಿದೆಯನ್ನು ರಾಜ್ಯಗಳ ಮುಂದಿಟ್ಟಿತು. ಇವೆಲ್ಲ ಆ ತರುಣರಿಗೆ ಬೇಡವಾದುವು. ನಾನೂ ಹೆಚ್ಚು ವಿಸ್ತರಿಸಲಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, “ಇನ್ನೊಂದು ಉಪಾಯವನ್ನು ಒಬ್ಬರು ಹೇಳಿದ್ದಾರೆ. ಆತ ಬಾಡಿಗೆದಾರನೇ ಅಲ್ಲ, ನನ್ನ ಅಂಗಡಿಯನ್ನು ನೋಡಿಕೊಳ್ಳುವ ಸಂಬಳದ ಆಳು ಅಂತ ಬರೆಸುವುದು. ಕಾಗದಪತ್ರ ಏನೂ ಇಲ್ಲವಲ್ಲ. ಪ್ರತಿ ತಿಂಗಳೂ ಫೋನಿನಲ್ಲಿ ಬರುವ ಹಣ ಬಾಡಿಗೆಯಲ್ಲ, ವ್ಯಾಪಾರದ ಹುಟ್ಟುವಳಿ ಅಂತ ಹೇಳಿದರಾಯಿತು. ಆಳಾದರೆ ನೋಟೀಸೂ ಬೇಡ, ಬಾಡಿಗೆ ಕಾಯಿದೆಯೂ ಬೇಡ. ಹೇಗೆ?” ಎಂದರು.

ಕಾಯಿದೆಯ ದೃಷ್ಟಿಯಿಂದ ಉತ್ತರ ಸುಲಭವಾಗಿತ್ತು. ಆಳೆಂದು ಬರೆದರೆ ಅದು ಒಡೆಯ-ಬಾಡಿಗೆದಾರರ ದಾವೆಯಾಗುವುದಿಲ್ಲ. ಸ್ವಾಧೀನಕ್ಕಾಗಿ ಬೇರೆ ಬಗೆಯ ದಾವೆಯಾಗುತ್ತದೆ. ಆಗ ಕಟ್ಟಡದ ಮಾರುಕಟ್ಟೆಯ ಬೆಲೆಯ ಮೇಲೆ ಶುಲ್ಕ ಕಟ್ಟಬೇಕಾಗಿ ಬಂದು, ಆ ಬೆಲೆಗೆ ತಕ್ಕ ಮೇಲಿನ ಕೋರ್ಟಿಗೆ ಹೋಗಬೇಕಾದೀತು. ಸುಳ್ಳಿಗೆ ಶುಲ್ಕವೂ ಹೆಚ್ಚು. ಅಂಗಡಿಯವರು ಬಂದು ‘ನಾನು ಬಾಡಿಗೆದಾರ’ ಎಂದ ಕ್ಷಣದಿಂದ ಉಳಿದೆಲ್ಲವೂ ನಿಂತು, ಅವರು ಯಾರೆಂಬ ಒಂದೇ ಪ್ರಶ್ನೆಯ ಮೇಲೆ ಸಾಕ್ಷಿ ನಡೆಯುತ್ತದೆ. ಒಡೆಯನ ಹಕ್ಕನ್ನು ಬಾಡಿಗೆದಾರನು ಅಲ್ಲಗಳೆಯಕೂಡದೆಂದು 1872ರ ಸಾಕ್ಷ್ಯ ಕಾಯಿದೆಯ 116ನೆಯ ಕಲಮು ಅವನ ಬಾಯಿ ಕಟ್ಟಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮವೂ ಆ ಕಟ್ಟನ್ನು ಉಳಿಸಿಕೊಂಡಿದೆ. ಬಾಡಿಗೆದಾರನನ್ನೇ ಅಲ್ಲಗಳೆಯುವ ಒಡೆಯನ ಬಾಯಿಗೆ ಅಂಥ ಸಿದ್ಧವಾದ ಕಟ್ಟೊಂದು ಇಲ್ಲವೆಂಬುದು ನನಗೆ ಯಾವಾಗಲೂ ವಿಚಿತ್ರವಾಗಿ ತೋರಿದೆ.

ಇಷ್ಟನ್ನು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ಏಕೆಂದರೆ ಆ ತರುಣರು ನಮ್ಮ ಮನೆಯ ಒಕ್ಕಲಾಗಿದ್ದವರ ಮೊಮ್ಮಗ. ಕಟ್ಟಡ ನಿಂತಿರುವುದು ಒಂದು ಕಾಲಕ್ಕೆ ನನ್ನ ಅಜ್ಜಿಯ ಹೆಸರಿನಲ್ಲಿದ್ದ ಗದ್ದೆಯ ತುದಿಯಲ್ಲಿ. ಅದಲ್ಲದೆ ‘ಸಂಬಳದ ಆಳು’ ಎಂಬ ಆ ಮಾತನ್ನು ನಾನು ಅದಕ್ಕೆ ಮುಂಚೆ ಒಮ್ಮೆ ಕೇಳಿದ್ದೆನು. ಕೇಳಿದ್ದಷ್ಟೇ ಅಲ್ಲ, ಬರೆದಿದ್ದೆನು.

ಅದು 1974ರ ಮಾತು. ನಮ್ಮ ಕರಾವಳಿಯಲ್ಲಿ ಆಗ ಗೇಣಿಯ ಪದ್ಧತಿ ಹೇಗಿತ್ತೆಂಬುದನ್ನು ಹಿರಿಯ ವಾಚಕರು ಬಲ್ಲರು. ಶಾಶ್ವತವಾದ ಮೂಲಗೇಣಿ, ಅವಧಿ ಕಟ್ಟಿದ ವಾಯಿದೆಗೇಣಿ, ವರ್ಷದಿಂದ ವರ್ಷಕ್ಕೆ ನಡೆಯುವ ಚಾಲಗೇಣಿ. ನಮ್ಮದು ಚಾಲಗೇಣಿ. ಅಜ್ಜಿ ಇಪ್ಪತ್ತೆರಡನೆಯ ವಯಸ್ಸಿಗೆ ವಿಧವೆಯಾದವರು. ಅವರಿಗೆ ಜೀವನಾಂಶವಾಗಿ ಬಂದ ಬೈಲುಗದ್ದೆ ಎರಡೂವರೆ ಎಕರೆ. ಒಕ್ಕಲಿನವರು ಅದನ್ನು ನನ್ನ ತಂದೆಯವರ ಬಾಲ್ಯದಿಂದ ಉಳುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಆರು ಮುಡಿ ಅಕ್ಕಿ, ಹಬ್ಬಕ್ಕೆ ಸೌತೆಕಾಯಿ, ಒಂದು ಬಾಳೆಗೊನೆ ತಂದು ಅಂಗಳದಲ್ಲಿಡುತ್ತಿದ್ದರು. ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಅವರ ಸಂಬಳ ಬಟ್ಟೆಬರೆಗೂ ತಂಗಿಯರ ಮದುವೆಯ ಸಾಲಕ್ಕೂ. ಊಟಕ್ಕೆ ಆ ಆರು ಮುಡಿ. ಒಕ್ಕಲಿನವರನ್ನು ನಾವು ಮನೆಯವರೆಲ್ಲ, ಮಕ್ಕಳು ಸಹ, ಏಕವಚನದಲ್ಲಿ ಕರೆಯುತ್ತಿದ್ದೆವು. ಅವರು ತಂದೆಯವರನ್ನು ‘ಒಡೆಯರೇ’ ಎನ್ನುತ್ತಿದ್ದರು, ನನ್ನನ್ನು ‘ಸಣ್ಣೊಡೆಯರೇ’ ಎನ್ನುತ್ತಿದ್ದರು. ಈ ಲೇಖನದಲ್ಲಿ ಅವರಿಗೆ ಬಹುವಚನವನ್ನು ಹಾಕುವಾಗ ಐವತ್ತು ವರ್ಷ ತಡವಾಗಿ ಹಾಕುತ್ತಿದ್ದೇನೆಂಬುದು ನನಗೆ ಗೊತ್ತಿದೆ.

ಗೇಣಿಯ ಜಗಳ ಯಾರ ಮುಂದೆ ಹೋಗಬೇಕೆಂಬುದಕ್ಕೆ ಕನ್ನಡನಾಡಿನಲ್ಲಿ ಒಂದೇ ಉತ್ತರವಿರಲಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳಲ್ಲಿ 1948ರ ಕಾಯಿದೆಯಂತೆ ಒಬ್ಬನು ಗೇಣಿದಾರನೋ ಅಲ್ಲವೋ ಎಂಬುದನ್ನು ನಿರ್ಣಯಿಸುವವನು ಮಾಮಲೇದಾರ. ಸಿವಿಲ್ ಕೋರ್ಟು ಆ ಪ್ರಶ್ನೆಯನ್ನು ಮುಟ್ಟುವಂತಿರಲಿಲ್ಲ. ಹೈದರಾಬಾದಿನ ಕಡೆಯ ಜಿಲ್ಲೆಗಳಿಗೆ 1950ರ ಬೇರೊಂದು ಕಾಯಿದೆ. ನಮ್ಮ ದಕ್ಷಿಣ ಕನ್ನಡವು 1956ರ ತನಕ ಮದರಾಸಿಗೆ ಸೇರಿದ್ದು. ಇಲ್ಲಿ ಮುನ್ಸೀಫ್ ಕೋರ್ಟೇ ಜನರ ಮನಸ್ಸಿನಲ್ಲಿದ್ದ ಕೋರ್ಟು. ಎಲ್ಲವನ್ನೂ ಒಂದುಗೂಡಿಸಲು 1961ರ ಭೂಸುಧಾರಣಾ ಕಾಯಿದೆಯು ರೂಪುಗೊಂಡು 1965ರಲ್ಲಿ ಜಾರಿಗೆ ಬಂದಿತಾದರೂ ನಮ್ಮ ಊರಿನಲ್ಲಿ ಎಲೆಯೂ ಅಲುಗಲಿಲ್ಲ. ದೇವರಾಜ ಅರಸರ ಕಾಲದ ತಿದ್ದುಪಡಿಯೇ ನೆಲವನ್ನು ಅಲುಗಿಸಿದ್ದು. 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲವೂ ಸರಕಾರದಲ್ಲಿ ನಿಹಿತವಾಯಿತು. ಅದಕ್ಕೆ ಹಿಂದಿನ ದಿನದ ತನಕ ಯಾರು ಉಳುತ್ತಿದ್ದರೋ ಅವರು 7ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಹಕ್ಕು ಪಡೆಯಬಹುದು. ನಮ್ಮ ಜನ ಅದನ್ನು ‘ಡಿಕ್ಲರೇಶನ್’ ಎಂದರು. ಆ ಅರ್ಜಿಯನ್ನು ಕೇಳುವುದು ಕೋರ್ಟಲ್ಲ, ತಾಲ್ಲೂಕಿನ ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮೀಷನರು ಅದರ ಅಧ್ಯಕ್ಷರು, ಸರಕಾರವು ನೇಮಿಸಿದ ನಾಲ್ವರು ಸದಸ್ಯರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆ ನಿಷೇಧವು ಊರ್ಜಿತವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1987ರಲ್ಲಿ. ಸೈನಿಕನ ಮತ್ತು ನಾವಿಕನ ಭೂಮಿಗೆ ಕಾಯಿದೆಯಲ್ಲಿ ರಿಯಾಯಿತಿಯಿತ್ತು. ವಿಧವೆಯ ಎರಡೂವರೆ ಎಕರೆಗೆ ಇರಲಿಲ್ಲ. ಆ ಕಾಯಿದೆಯಿಂದ ಸಾವಿರಾರು ಮನೆಗಳಲ್ಲಿ ದೀಪ ಹತ್ತಿತೆಂಬುದನ್ನು ಒಪ್ಪಿಕೊಂಡೇ, ಈ ಒಂದು ಮಾತನ್ನು ನಾನು ಇಂದಿಗೂ ನುಂಗಲಾರೆ.

ಕೂಲಿಯ ಆಳಿಗೆ ಮಾತ್ರ ಆ ಕಾಯಿದೆಯಲ್ಲಿ ಹಕ್ಕಿಲ್ಲ. ಕಾಯಿದೆಯ 4ನೆಯ ಕಲಮಿನಂತೆ ಪರರ ಭೂಮಿಯನ್ನು ನ್ಯಾಯವಾಗಿ ಉಳುತ್ತಿರುವವನು, ಒಡೆಯನ ಕುಟುಂಬದವನೋ ಕೂಲಿಯವನೋ ಸ್ವಾಧೀನ ಅಡವಿನವನೋ ಅಲ್ಲದಿದ್ದರೆ, ಗೇಣಿದಾರನೆಂದೇ ಭಾವಿಸತಕ್ಕವನು. ಪಟ್ಟಣದ ವಕೀಲರೊಬ್ಬರು ತಂದೆಯವರಿಗೆ ತೋರಿಸಿದ ಕಿಂಡಿ ಇದು. ಗೇಣಿಚೀಟು ಬರೆದಿರಲಿಲ್ಲ. ಆದುದರಿಂದ ಒಕ್ಕಲನ್ನು ದಿನಗೂಲಿಯ ಆಳೆಂದು ವರ್ಣಿಸಿ, ಅವನು ಗದ್ದೆಗೆ ಕಾಲಿಡದಂತೆ ಶಾಶ್ವತ ತಡೆಯಾಜ್ಞೆಯನ್ನು ಕೇಳಿ, ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹೂಡುವುದು. ಆಳಿನ ಮೇಲಿನ ದಾವೆಯಾದರೆ ಅದು ನ್ಯಾಯಮಂಡಳಿಯ ಬಾಗಿಲಿಗೆ ಹೋಗುವ ಪ್ರಮೇಯವಿಲ್ಲವಷ್ಟೆ. ಅಜ್ಜಿ ಇದನ್ನು ಕೇಳಿ, “ಜಗಳವಿದ್ದರೆ ಇಬ್ಬರೂ ಧರ್ಮಸ್ಥಳಕ್ಕೆ ಹೋಗಿ ಆಣೆಭಾಷೆ ಮಾಡಿಕೊಂಡು ಬನ್ನಿ, ಈ ಕಚೇರಿಯ ಕೆಲಸ ಬೇಡ” ಎಂದರು. ಒಕ್ಕಲಿನವರು ಒಪ್ಪಿಯೇ ಇದ್ದರು. ತಂದೆಯವರು ಒಪ್ಪಲಿಲ್ಲ. ಅವರು ದೇವರಲ್ಲಿ ಬಹಳ ಭಕ್ತಿಯುಳ್ಳವರು. ಒಪ್ಪದೆ ಇದ್ದದ್ದು ಅದಕ್ಕಾಗಿಯೇ.

ನನಗೆ ಆಗ ಹದಿನೆಂಟು. ಅಕ್ಷರ ದುಂಡಗಿತ್ತೆಂದು ದಾವಾಪತ್ರದ ಶುದ್ಧಪ್ರತಿಯನ್ನು ನನ್ನಿಂದಲೇ ಬರೆಸಿದರು. ‘ಪ್ರತಿವಾದಿಯು ವಾದಿಯ ಕೈಕೆಳಗೆ ಸಂಬಳದ ಆಳಾಗಿದ್ದು, ಯಾವ ಕಾಲದಲ್ಲಿಯೂ ಗೇಣಿಯನ್ನು ಕೊಟ್ಟವನಲ್ಲ’ ಎಂಬ ವಾಕ್ಯವನ್ನು ಬರೆಯುವಾಗ ಕೈ ನಡುಗಿತೆಂದು ಹೇಳಿಕೊಂಡರೆ ಈಗ ಚೆನ್ನಾಗಿ ಕೇಳಿಸೀತು. ನಡುಗಲಿಲ್ಲ. ಒಂದೂ ಹೊಡೆದುಹಾಕದೆ ಮೂರು ಪುಟ ಬರೆದೆನೆಂದು ಸಂತೋಷವೇ ಆಗಿತ್ತು.

ಜೂನ್ ತಿಂಗಳಲ್ಲಿ ತಾತ್ಕಾಲಿಕ ತಡೆಯಾಜ್ಞೆ ಬಂದಿತು. ಅಗೆ ಬೆಳೆದು ನಿಂತಿತ್ತು. ನಾಟಿಗೆ ಎರಡು ದಿನವಿತ್ತು. ಒಕ್ಕಲಿನವರು ಅಮೀನನ ಮುಂದೆ ಹೆಬ್ಬೆಟ್ಟು ಒತ್ತಿ, ಬದುವಿನ ಮೇಲೆ ನಿಂತು ನೋಡಿ, ಮನೆಗೆ ಹೋದರು. ನಮಗೆ ಉಳುವುದಕ್ಕೆ ಎತ್ತಿರಲಿಲ್ಲ. ಊರಿನ ಯಾವ ಆಳೂ ಆ ಗದ್ದೆಗೆ ಬರಲಿಲ್ಲ. ಅಗೆ ಹಣ್ಣಾಗಿ ಬಿದ್ದಿತು. ನನಗೆ ತಿಳಿದಂತೆ ಮೊದಲನೆಯ ಸಲ ಆ ಬೈಲು ಹಡಿಲು ಬಿದ್ದದ್ದು ಆ ವರ್ಷ. ಮುಡಿಯಕ್ಕಿ ತರುವವರಿಲ್ಲದೆ ನಾವು ನ್ಯಾಯಬೆಲೆಯ ಅಂಗಡಿಯಲ್ಲಿ ಸಾಲು ನಿಂತೆವು. ಅದೇ ಸಾಲಿನಲ್ಲಿ ನಾಲ್ಕಾಳು ಹಿಂದೆ ಒಕ್ಕಲಿನವರ ಮಗಳು ನಿಂತಿದ್ದಳು. ಅವಳು ನನ್ನೊಡನೆ ಏಳನೆಯ ತರಗತಿಯ ತನಕ ಓದಿದವಳು.

ಒಕ್ಕಲಿನವರು ಜವಾಬಿನಲ್ಲಿ ತಾವು ಗೇಣಿದಾರರೆಂದು ಬರೆಯಿಸಿದರು. ಆಗ ಕಾಯಿದೆಯ 133ನೆಯ ಕಲಮು ಎದ್ದು ನಿಂತಿತು. ಅಂಥ ಪ್ರಶ್ನೆ ಹುಟ್ಟಿದಾಗ ಸಿವಿಲ್ ಕೋರ್ಟು ಅದನ್ನು ತಾನು ತೀರ್ಮಾನಿಸಕೂಡದು. ದಾವೆಯನ್ನು ತಡೆದಿಟ್ಟು ನ್ಯಾಯಮಂಡಳಿಗೆ ಕಳುಹಿಸತಕ್ಕದ್ದು. ನಾವು ಯಾವ ಬಾಗಿಲನ್ನು ತಪ್ಪಿಸಿಕೊಳ್ಳಲು ಸುಳ್ಳು ಬರೆದೆವೋ ಆ ಬಾಗಿಲಿಗೇ ಆ ಸುಳ್ಳಿನ ಸಮೇತ ನಮ್ಮ ಕಡತವು ಹೋಯಿತು. “ಅಲ್ಲಿಗೆ ನಾನು ಬರುವಂತಿಲ್ಲ, ಮಾಸ್ತರರೇ” ಎಂದು ವಕೀಲರು ಕೈ ಮುಗಿದರು. ಕೊಟ್ಟ ಫೀಜಿನ ಮಾತನ್ನು ಅವರೂ ಎತ್ತಲಿಲ್ಲ, ತಂದೆಯವರೂ ಎತ್ತಲಿಲ್ಲ.

1976ರ ಬೇಸಗೆಯಲ್ಲಿ ಸರದಿ ಬಂದಿತು. ತಾಲ್ಲೂಕು ಕಚೇರಿಯ ಹಿಂದಿನ ಹಜಾರದಲ್ಲಿ ನೂರಾರು ಜನ. ಕಟಕಟೆಯಿಲ್ಲ, ಕರಿಯ ಕೋಟುಗಳಿಲ್ಲ; ಒಂದು ಉದ್ದ ಮೇಜು, ಅದರ ಈಚೆ ಒಂದೇ ಬೆಂಚು. ವಾದಿಪ್ರತಿವಾದಿಗಳಿಬ್ಬರೂ ಅದರ ಮೇಲೆಯೇ ಕೂಡತಕ್ಕದ್ದು. ಒಕ್ಕಲಿನವರು ಕೂಡಲಿಲ್ಲ. ತಂದೆಯವರ ಸಮಕ್ಕೆ ಕುಳಿತು ಅಭ್ಯಾಸವಿಲ್ಲದೆ ಗೋಡೆಗೆ ಒರಗಿ ನಿಂತರು. ಅಧ್ಯಕ್ಷರು ಎರಡು ಸಲ ಹೇಳಿದ ಮೇಲೆ ಬೆಂಚಿನ ತುದಿಯಲ್ಲಿ ಅರ್ಧ ಕುಳಿತರು.

ಗೇಣಿಗೆ ಏನು ಆಧಾರವೆಂದು ಅಧ್ಯಕ್ಷರು ಕೇಳಿದರು. ಒಕ್ಕಲಿನವರು ಮಡಿಲಿನಿಂದ ಒಂದು ಬಿದಿರಿನ ಕೊಳವೆಯನ್ನು ತೆಗೆದು, ಅದರೊಳಗಿಂದ ಸುರುಳಿ ಸುತ್ತಿದ ಒಂದು ಕಾಗದವನ್ನು ಎಳೆದು ಮೇಜಿನ ಮೇಲಿಟ್ಟರು. ಶಾಲೆಯ ನೋಟುಪುಸ್ತಕದಿಂದ ಹರಿದ ಹಾಳೆ. ‘ಈ ಸಾಲಿನ ಸುಗ್ಗಿ ಗೇಣಿ ಬಾಬ್ತು ಅಕ್ಕಿ ಮುಡಿ ಆರು ಸಂದಿದೆ’ ಎಂದು ಅದರಲ್ಲಿ ಬರೆದು, ಕೆಳಗೆ 1968 ಎಂದು ಇಸವಿ ಹಾಕಿ, ನನ್ನ ಹೆಸರನ್ನೂ ಅದರ ಮುಂದೆ ‘ಏಳನೆಯ ತರಗತಿ’ ಎಂದೂ ಸುತ್ತಲೂ ಒಂದು ಬಳ್ಳಿಯನ್ನೂ ಬಿಡಿಸಿತ್ತು. ಅಂಗಳದಲ್ಲಿ ಮುಡಿ ಎಣಿಸುವಾಗ ಅವರು, “ಸಣ್ಣೊಡೆಯರು ಅಕ್ಷರ ಕಲಿತಿದ್ದಾರೆ, ನನಗೊಂದು ಚೀಟಿ ಬರೆದುಕೊಡಲಿ” ಎಂದು ನಗುತ್ತ ಕೇಳಿದ್ದು ನನಗೆ ಆಗ ನೆನಪಾಯಿತು. ತಂದೆಯವರ ಸಹಿ ಅದರಲ್ಲಿರಲಿಲ್ಲ. ಹುಡುಗನೊಬ್ಬ ಆಟಕ್ಕೆ ಬರೆದದ್ದೆಂದು ತಳ್ಳಿಹಾಕಬಹುದಾಗಿತ್ತು.

ಅಧ್ಯಕ್ಷರು ಚೀಟಿಯನ್ನು ನೋಡಿ, ಮುನ್ಸೀಫ್ ಕೋರ್ಟಿನಿಂದ ಬಂದ ಕಡತವನ್ನು ಬಿಚ್ಚಿ, ದಾವಾಪತ್ರದ ಪಕ್ಕದಲ್ಲಿ ಅದನ್ನಿಟ್ಟರು. ‘ಗೇಣಿ’ ಎಂಬ ಶಬ್ದ ಎರಡರಲ್ಲಿಯೂ ಇತ್ತು. ಎರಡರಲ್ಲಿಯೂ ಣಿಕಾರದ ಗುಡಿಸು ಒಂದೇ ರೀತಿ ಹಿಂದಕ್ಕೆ ಬಾಗಿತ್ತು. ಅವರು ತಂದೆಯವರನ್ನು ಏನೂ ಕೇಳಲಿಲ್ಲ. ನನ್ನ ಕಡೆ ನೋಡಿ, “ಅಕ್ಷರ ಚೆನ್ನಾಗಿದೆ. ಎರಡೂ ನಿನ್ನವೇ ಏನಪ್ಪ?” ಎಂದರು.

ತಂದೆಯವರು ನೆಲ ನೋಡುತ್ತಿದ್ದರು. ಒಕ್ಕಲಿನವರೂ ನೆಲವನ್ನೇ ನೋಡುತ್ತಿದ್ದರು. ನಾನು “ಹೌದು” ಎಂದೆನು. ಸತ್ಯನಿಷ್ಠೆಯಿಂದ ಹೇಳಿದೆನೆಂದು ಹೇಳಲಾರೆ. ಅಲ್ಲವೆಂದರೆ ಮೇಜಿನ ಸುತ್ತ ಇದ್ದವರೆಲ್ಲರೂ ನಗುತ್ತಿದ್ದರು. ಒಂದು ಸುಳ್ಳನ್ನೂ ಒಂದು ನಿಜವನ್ನೂ ಒಂದೇ ಕೈ ಬರೆದಿತ್ತು, ಅಷ್ಟೆ. ಅಧ್ಯಕ್ಷರು ಚೀಟಿಯ ನಕಲನ್ನು ಬರೆಯಿಸಿಕೊಂಡು ಮೂಲವನ್ನು ಒಕ್ಕಲಿನವರಿಗೆ ಹಿಂದಿರುಗಿಸಿದರು. ಅವರು ಅದನ್ನು ಮತ್ತೆ ಸುರುಳಿ ಸುತ್ತಿ ಕೊಳವೆಯೊಳಕ್ಕೆ ತೂರಿಸಿದರು.

ತಂದೆಯವರು ಬಸ್ಸಿನಲ್ಲಿ ಮಾತಾಡಲಿಲ್ಲ. ಮನೆಗೆ ಬಂದಾಗ ಅಜ್ಜಿ ಏನಾಯಿತೆಂದು ಕೇಳಿದರು. “ಇವನ ಅಕ್ಷರ ಚೆನ್ನಾಗಿದೆಯಂತೆ” ಎಂದು ಹೇಳಿ ಅವರು ಕಾಲು ತೊಳೆಯಲು ಹೋದರು. ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದೆಂದು ವಕೀಲರು ಕಾಗದ ಬರೆದರು. ತಂದೆಯವರು ಉತ್ತರ ಬರೆಯಲಿಲ್ಲ. ಆ ಎರಡು ಕಾಗದಗಳು ಬೆಂಗಳೂರಿಗೂ ಬರುವುವೆಂಬುದು ಅವರಿಗೆ ಗೊತ್ತಿತ್ತು. ಮುನ್ಸೀಫ್ ಕೋರ್ಟಿನ ದಾವೆಯು ಒಂದು ಸಾಲಿನ ಆದೇಶದಿಂದ ವಜಾ ಆಯಿತು. ಮುಂದೆ ಅದೇ ಕೋರ್ಟಿನ ದಫ್ತರಖಾನೆಯಲ್ಲಿ ಕೆಲಸಕ್ಕಿದ್ದಾಗ ಆ ಕಡತವನ್ನು ನಾನು ಒಮ್ಮೆ ಕೈಗೆತ್ತಿಕೊಂಡು, ಬಿಚ್ಚದೆ ಇಟ್ಟಿದ್ದೇನೆ.

ಆ ವರ್ಷದ ಸುಗ್ಗಿಯ ಮೇಲೆ ಒಕ್ಕಲಿನವರ ಮಗಳು ಒಂದು ಮುಡಿ ಅಕ್ಕಿಯನ್ನು ತಮ್ಮನ ತಲೆಯ ಮೇಲೆ ಹೊರಿಸಿಕೊಂಡು ಬಂದಳು. ತಂದೆಯವರು, ಇನ್ನು ಗೇಣಿಯಿಲ್ಲ, ಕೊಂಡುಹೋಗಿ ಎಂದರು. ಅವರು ದಣಪೆ ದಾಟುವಷ್ಟರಲ್ಲಿ ಅಜ್ಜಿ ಹಿತ್ತಿಲ ಕಡೆಯಿಂದ ಹೋಗಿ ತಡೆದು, “ಗೇಣಿ ಬೇಡ ಅಂದದ್ದು ಅವ. ನನಗೆ ಅಕ್ಕಿ ಬೇಕು” ಎಂದು ಇಳಿಸಿಕೊಂಡರು. 1979ರಲ್ಲಿ ಅವರು ತೀರಿಕೊಳ್ಳುವ ತನಕ ಪ್ರತಿ ಸುಗ್ಗಿಗೂ ಒಂದು ಮುಡಿ ಹಿತ್ತಿಲ ಬಾಗಿಲಿಗೆ ಬರುತ್ತಿತ್ತು. ಸರಕಾರದ ಪರಿಹಾರದ ಹಣ ಬಂದದ್ದು ಆಮೇಲೆ.

ಇದನ್ನೆಲ್ಲ ನಾನು ಆ ತರುಣರಿಗೆ ಹೇಳಿದೆನು. ಅವರು ಹುಟ್ಟುವ ಮುಂಚಿನ ಕಥೆ. ‘ಟ್ರಿಬ್ಯೂನಲಿನಲ್ಲಿ ನಮಗಾಯಿತು’ ಎಂಬಷ್ಟು ಮಾತ್ರ ಅವರು ಕೇಳಿದ್ದರು. ತಮ್ಮಜ್ಜನನ್ನು ಕಾಗದದ ಮೇಲೆ ಆಳೆಂದು ಬರೆದಿದ್ದರೆಂಬುದಾಗಲಿ, ಬರೆದವನು ಎದುರಿಗೆ ಕುಳಿತ ನಾನೆಂಬುದಾಗಲಿ ಅವರಿಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದಂತೆ ನನಗೆ ತೋರಿತು. “ಆ ಚೀಟಿ ಈಗ ಎಲ್ಲಿದೆ?” ಎಂದು ಕೇಳಿದರು. ನಿಮ್ಮ ಮನೆಯಲ್ಲಿಯೇ ಇರಬೇಕೆಂದೆನು. ಕಾಫಿಯನ್ನು ಅರ್ಧ ಕುಡಿದು, ಹೆಚ್ಚು ಮಾತಾಡದೆ ಎದ್ದುಹೋದರು. ಅವರಿಗೆ ಕೋಪ ಬಂದಿತೋ ಇಲ್ಲವೋ ನನಗೆ ತಿಳಿಯದು. ಬಂದಿದ್ದರೆ ಅದು ಸಲ್ಲತಕ್ಕದ್ದೇ.

ಅವರು ಮತ್ತೆ ಬರಲಿಲ್ಲ. ಆದರೆ ಮೊನ್ನೆ ಸಾಯಂಕಾಲ ಇನ್ನೊಬ್ಬರು ಬಂದರು. ಐವತ್ತರ ಸುಮಾರಿನವರು, ಅಂಗಿಯ ತೋಳಿಗೆ ಬೆಲ್ಲದ ಕಲೆ. ಕೈಯಲ್ಲಿ ವಕೀಲರ ನೋಟೀಸಿತ್ತು. ನಾನು ಕನ್ನಡಕ ಹಾಕಿಕೊಂಡು ಮೊದಲ ಸಾಲನ್ನು ಓದಿದೆನು. ‘ನಮ್ಮ ಕಕ್ಷಿದಾರರ ಸ್ವತ್ತಿನಲ್ಲಿ ಎಂಟು ವರ್ಷಗಳಿಂದ ಬಾಡಿಗೆದಾರರಾಗಿರುವ ತಮಗೆ’ ಎಂದಿತ್ತು. ಕೋಣೆಯ ಅಳತೆ ಹನ್ನೆರಡಡಿಗೆ ಹದಿನೈದಡಿ. ಅವಧಿ ಹದಿನೈದು ದಿನ.

“ಎಂಟು ವರ್ಷದ ಗಿರಾಕಿಗಳು, ರಾಯರೇ. ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ?” ಎಂದರು ಅವರು. “ಇದಕ್ಕೆ ನಾನು ಯಾವ ಕೋರ್ಟಿಗೆ ಹೋಗಬೇಕು?”

ನಾನು ಒಳಗೆ ಕೂಗಿ ಇನ್ನೊಂದು ಲೋಟ ಕಾಫಿ ತರಹೇಳಿ, ಕುಳಿತುಕೊಳ್ಳಿರೆಂದೆನು.